ಎಳೆಯ ಮಕ್ಕಳ ಕೈಬರಹ ಅಭ್ಯಾಸ ಹಾಳೆಗಳನ್ನು ಸಿದ್ಧಪಡಿಸಿ ಮುದ್ರಿಸಿಕೊಳ್ಳುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಪೋಷಕರು ಮಕ್ಕಳ ದಾಖಲಾತಿ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನ ಮುಂತಾದ ಕೆಲಸಗಳಿಗೆ ಅರ್ಜಿ ಸಲ್ಲಿಸಲು ಬಂದಾಗ, ಅರ್ಜಿಯ ವಿಷಯ ಮುಗಿದ ನಂತರ ಕೇಳುವ ಪ್ರಶ್ನೆಯೊಂದಿದೆ: ಮಗುವಿಗೆ ಅಕ್ಷರ ತಿದ್ದಿಸುವ ಹಾಳೆ ಎಲ್ಲಿ ಸಿಗುತ್ತದೆ? ಅಂತರ್ಜಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಇಂತಹ ಹಾಳೆಗಳು ಬೇಕಾದಷ್ಟು ದೊರೆಯುತ್ತವೆ. ಕನ್ನಡಕ್ಕೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ದೊರೆತರೂ ಎಲ್ಲವೂ ಬಳಕೆಗೆ ಯೋಗ್ಯವಾಗಿರುವುದಿಲ್ಲ. ಆದ್ದರಿಂದ ಪೋಷಕರು ಹಾಗೂ ಶಿಕ್ಷಕರು ಈ ಹಾಳೆಗಳನ್ನು ತಾವೇ ಸಿದ್ಧಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಅರ್ಜಿಯಾಗಲಿ, ಅನುಮತಿಯಾಗಲಿ, ಶುಲ್ಕವಾಗಲಿ ಇರುವುದಿಲ್ಲ. ಒಂದು ಗಣಕಯಂತ್ರ, ಒಂದು ಮುದ್ರಕ, ಒಂದು ಅಡಿಪಟ್ಟಿ ಹಾಗೂ ಒಂದು ಕಪ್ಪು ಪೆನ್ನು ಇದ್ದರೆ ಸಾಕು.

ತಿದ್ದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಬರೆದ ಅಕ್ಷರದ ಮೇಲೆ ಮತ್ತೆ ಬರೆಯುವುದು ಒಂದು, ತಪ್ಪನ್ನು ಸರಿಪಡಿಸುವುದು ಇನ್ನೊಂದು. ಹಾಳೆಯಲ್ಲಿಯೇ ತಪ್ಪಿದ್ದರೆ ಮಗು ಮೊದಲನೆಯ ಅರ್ಥದಲ್ಲಿ ತಿದ್ದುತ್ತಾ ಹೋದಂತೆ ಎರಡನೆಯ ಅರ್ಥದಲ್ಲಿ ತಿದ್ದುವುದು ಕಠಿಣವಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಒಂದನೇ ತರಗತಿಯ ಮಕ್ಕಳ ಹಾಳೆಗಳನ್ನು ನೋಡುವ ಸಂದರ್ಭ ಒದಗಿತ್ತು. ಚಿತ್ರ ಸಿದ್ಧಪಡಿಸುವ ಹಳೆಯ ತಂತ್ರಾಂಶವೊಂದರಲ್ಲಿ ಹಾಳೆಯನ್ನು ತಯಾರಿಸಿದ್ದರಿಂದ ಒತ್ತಕ್ಷರ ಕೂಡಿಕೊಳ್ಳದೆ, ದೊಡ್ಡೇರಿ ಎಂಬುದು 'ದೊಡ್‌ಡೇರಿ' ಎಂದು ಮುದ್ರಣವಾಗಿತ್ತು. ಮಕ್ಕಳು ಅದನ್ನೇ ಸಾಲು ಸಾಲಾಗಿ, ಬಹಳ ಅಂದವಾಗಿ ತಿದ್ದಿದ್ದರು. ತಪ್ಪು ಅವರದಲ್ಲ. ಕಪ್ಪುಹಲಗೆಯ ಮೇಲೆ ಶಿಕ್ಷಕರು ಮಾಡುವ ತಪ್ಪು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಮುದ್ರಿತ ಹಾಳೆಯ ತಪ್ಪು ಎಷ್ಟು ಪ್ರತಿ ತೆಗೆದರೆ ಅಷ್ಟು ಮಕ್ಕಳ ಕೈಗೆ ಇಳಿಯುತ್ತದೆ.

ಅಕ್ಷರಗಳ ಅನುಕ್ರಮ

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಹಿಂದಿನ ತಲೆಮಾರಿನವರು ಅ, ಆ, ಇ, ಈ ಎಂಬ ಅನುಕ್ರಮದಲ್ಲಿಯೇ ಮರಳಿನ ಮೇಲೆ, ನಂತರ ಸ್ಲೇಟು ಬಳಪದಲ್ಲಿ ತಿದ್ದಿದವರು. ಹೇಳಲು, ನೆನಪಿಡಲು, ನಿಘಂಟು ನೋಡಲು ಆ ಅನುಕ್ರಮವೇ ಸರಿ. ಬರೆಯಲು ಮಾತ್ರ ಅದು ಸುಲಭದಿಂದ ಕಠಿಣಕ್ಕೆ ಹೋಗುವ ಕ್ರಮವಲ್ಲ. ಅ, ಆ, ಇ, ಈ ಮುಗಿಯುತ್ತಿದ್ದಂತೆ ಉ, ಊ, ಋ ಬರುತ್ತವೆ. ಋ ಅಕ್ಷರದಲ್ಲಿ ಎಷ್ಟು ತಿರುವುಗಳಿವೆ ಎಂಬುದನ್ನು ಪೋಷಕರು ಒಮ್ಮೆ ಬರೆದು ನೋಡಬಹುದು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡು ನಂತರ ರಾಜ್ಯದಾದ್ಯಂತ ವಿಸ್ತರಿಸಿದ ನಲಿಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದು ಬಂದೊಡನೆ ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಿ ಬರೆಯಬಲ್ಲದು. ವರ್ಣಮಾಲೆಯ ಮೊದಲ ಐದು ಅಕ್ಷರಗಳನ್ನು ಕಲಿತ ಮಗುವಿಗೆ ಬರೆಯಲು ಪದಗಳೇ ಸಿಗುವುದಿಲ್ಲ. ಮನೆಯಲ್ಲಿ ಹಾಳೆ ಸಿದ್ಧಪಡಿಸುವವರು ಶಾಲೆಯ ಅನುಕ್ರಮವನ್ನೇ ಅನುಸರಿಸುವುದು ಸೂಕ್ತ. ಶಾಲೆಯಲ್ಲಿ ಒಂದು ಕ್ರಮ, ಮನೆಯಲ್ಲಿ ಇನ್ನೊಂದು ಕ್ರಮ ನಡೆದರೆ ಗೊಂದಲ ಮಗುವಿನದಾಗುತ್ತದೆ.

ಪಾವಗಡ ತಾಲ್ಲೂಕಿನ ಪೋಷಕರಿಗೆ ಒಂದು ವಿಶೇಷ ಸೂಚನೆ. ಈ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದ ಗಡಿಯಿಂದ ಸುತ್ತುವರಿದಿದ್ದು, ಅನೇಕ ಮನೆಗಳಲ್ಲಿ ತೆಲುಗು ಮಾತೃಭಾಷೆಯಾಗಿದೆ. ಮನೆಯ ಹಿರಿಯರು ತೆಲುಗು ಬರೆಯಬಲ್ಲವರಾದರೆ ಮಗುವಿಗೆ ಅದು ಅನುಕೂಲವೇ ಹೊರತು ಅಡ್ಡಿಯಲ್ಲ. ಗ, ಜ, ಬ, ಲ ಮುಂತಾದ ಅಕ್ಷರಗಳ ಮೈ ಎರಡೂ ಲಿಪಿಗಳಲ್ಲಿ ಹೆಚ್ಚು ಕಡಿಮೆ ಒಂದೇ. ತಲೆಕಟ್ಟು ಮಾತ್ರ ಬೇರೆ: ಕನ್ನಡದಲ್ಲಿ ಅದು ಅಡ್ಡಲಾಗಿ ಸಾಗಿ ಬಲತುದಿಯಲ್ಲಿ ತಿರುಗುತ್ತದೆ, ತೆಲುಗಿನಲ್ಲಿ ಶಿಕ್ಷಕರು ಸರಿ ಉತ್ತರಕ್ಕೆ ಹಾಕುವ ಗುರುತಿನಂತೆ ಮೇಲಕ್ಕೆ ಏಳುತ್ತದೆ. ಅಂತಹ ಮನೆಗಳ ಮಕ್ಕಳಿಗೆ ತಲೆಕಟ್ಟಿಗಾಗಿಯೇ ಒಂದು ಹಾಳೆಯನ್ನು ಪ್ರತ್ಯೇಕವಾಗಿ ಮಾಡಿಕೊಡುವುದು ಒಳ್ಳೆಯದು.

ಹಾಳೆಗಿಂತ ಮೊದಲು

ಬೆರಳು ಪೆನ್ಸಿಲ್ ಹಿಡಿಯಲು ಸಿದ್ಧವಾಗುವ ಮುನ್ನ ಹಾಳೆಯನ್ನು ಮುಂದಿಡಬಾರದು. ಮೊರದಲ್ಲಿ ಹರಡಿದ ರಾಗಿಯ ಮೇಲೆ ಬೆರಳಿನಿಂದ ಬರೆಯುವುದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ ಅಕ್ಷರದ ಗುಂಟ ಹುಣಸೆ ಬೀಜ ಜೋಡಿಸುವುದು ನಮ್ಮ ಭಾಗದ ಮನೆಗಳಲ್ಲಿ ಖರ್ಚಿಲ್ಲದೆ ಆಗುವ ಕೆಲಸ. ಬೀಜ ಜೋಡಿಸುವಾಗಲೂ ಬರೆಯುವ ದಿಕ್ಕಿನಲ್ಲಿಯೇ ಜೋಡಿಸುವಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಗೆರೆ ಹಾಗೂ ಅಳತೆ

ಇಂಗ್ಲಿಷ್ ಅಭ್ಯಾಸಕ್ಕೆ ನಾಲ್ಕು ಗೆರೆಯ ಪುಸ್ತಕ, ಕನ್ನಡಕ್ಕೆ ಎರಡು ಗೆರೆಯ ಪುಸ್ತಕ ಎಂಬುದು ರೂಢಿ. ಎರಡು ಗೆರೆಗಳ ನಡುವೆ ಅಕ್ಷರದ ಮೈ ಕೂರುತ್ತದೆ. ಆದರೆ ಕನ್ನಡ ಅಕ್ಷರ ಮೈಯಲ್ಲಿಯೇ ಮುಗಿಯುವುದಿಲ್ಲ. ಗುಡಿಸು ಮೇಲಿನ ಗೆರೆಯನ್ನು ದಾಟುತ್ತದೆ, ಒತ್ತಕ್ಷರ ಕೆಳಗಿನ ಗೆರೆಯಿಂದ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದನ್ನು ತಪ್ಪಿಸಲು ಮಗು ಒತ್ತನ್ನು ಚಿಕ್ಕದಾಗಿ, ಹಿಂಡಿದಂತೆ ಬರೆಯುವುದನ್ನು ಕಲಿಯುತ್ತದೆ. ದೊಡ್ಡವರಾದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ.

ಎ4 ಹಾಳೆಯ ಉದ್ದ 297 ಮಿ.ಮೀ., ಅಗಲ 210 ಮಿ.ಮೀ. ಮೇಲೆ ಹಾಗೂ ಕೆಳಗೆ ತಲಾ 20 ಮಿ.ಮೀ. ಅಂಚು ಬಿಟ್ಟರೆ 257 ಮಿ.ಮೀ. ಉಳಿಯುತ್ತದೆ. ಮಗುವಿನ ಹೆಸರು, ದಿನಾಂಕ ಹಾಗೂ ಮಾದರಿ ಅಕ್ಷರಕ್ಕೆ 47 ಮಿ.ಮೀ. ತೆಗೆದಿಟ್ಟು, ಉಳಿದ 210 ಮಿ.ಮೀ. ಜಾಗವನ್ನು 35 ಮಿ.ಮೀ. ಎತ್ತರದ ಆರು ಸಾಲುಗಳಾಗಿ ವಿಂಗಡಿಸಿಕೊಳ್ಳಬಹುದು. ಪ್ರತಿ ಸಾಲಿನಲ್ಲಿ ಮೇಲೆ 7, ಮೈಗೆ 15, ಒತ್ತಿಗೆ 13 ಮಿ.ಮೀ. ಇದು ಆರಂಭದ ಮಕ್ಕಳಿಗೆ. ಕೈ ಪಳಗಿದಂತೆ ಮೈಯ ಎತ್ತರವನ್ನು 10ಕ್ಕೆ, ನಂತರ 7 ಮಿ.ಮೀ.ಗೆ ಇಳಿಸಬಹುದು. ಪದ ಸಂಸ್ಕರಣ ತಂತ್ರಾಂಶದಲ್ಲಿ ಆರು ಸಾಲುಗಳ ಕೋಷ್ಟಕವನ್ನು ಸೇರಿಸಿ, ಸಾಲಿನ ಎತ್ತರವನ್ನು ಬದಲಾಗದಂತೆ ನಿಗದಿಪಡಿಸಿದರೆ ಗೆರೆ ಎಳೆಯುವ ಕೆಲಸ ಹಗುರಾಗುತ್ತದೆ.

ಅಕ್ಷರದ ಗಾತ್ರದ ಬಗ್ಗೆ ಒಂದು ಎಚ್ಚರಿಕೆ. 72 ಪಾಯಿಂಟ್ ಎಂದರೆ ಒಂದು ಅಂಗುಲ. ಆದರೆ ಅದು ಅಕ್ಷರದ ಮೈಯ ಅಳತೆಯಲ್ಲ. ಮೇಲಿನ ಗುಣಿತ ಚಿಹ್ನೆ, ಕೆಳಗಿನ ಒತ್ತು ಇವುಗಳಿಗೆ ಕಾಯ್ದಿರಿಸಿದ ಜಾಗವೂ ಅದರಲ್ಲಿ ಸೇರಿರುತ್ತದೆ. ಒಂದೇ ಪಾಯಿಂಟ್ ಗಾತ್ರದಲ್ಲಿ ಎರಡು ಅಕ್ಷರ ಶೈಲಿಗಳ ಮೈ ಬೇರೆ ಬೇರೆ ಎತ್ತರವಿರುವುದು ಸಾಮಾನ್ಯ. ಆದ್ದರಿಂದ ಒಂದು ಹಾಳೆಯನ್ನು ಮುದ್ರಿಸಿ, ಅಡಿಪಟ್ಟಿಯಿಂದ ಅಳೆದು, ಗಾತ್ರವನ್ನು ಹೊಂದಿಸಿಕೊಳ್ಳತಕ್ಕದ್ದು. ಮುದ್ರಿಸುವಾಗ 'ಹಾಳೆಗೆ ಹೊಂದಿಸು' ಎಂಬ ಆಯ್ಕೆ ಇದ್ದರೆ ಎಲ್ಲ ಅಳತೆಗಳೂ ಕುಗ್ಗಿಹೋಗುತ್ತವೆ, ಶೇ. 100ರ ಗಾತ್ರವನ್ನೇ ಆರಿಸಬೇಕು.

ಅಕ್ಷರ ಶೈಲಿ ಹಾಗೂ ತಂತ್ರಾಂಶ

ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶ ಉಚಿತವಾಗಿದ್ದು, ಶಾಲೆ ಹಾಗೂ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಹಳೆಯ ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಅಕ್ಷರ ಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಯೂನಿಕೋಡ್ ಬಳಸಿದಲ್ಲಿ ಈ ತೊಂದರೆ ಇಲ್ಲ. ಆದರೂ ಯೂನಿಕೋಡ್ ಕನ್ನಡವನ್ನು ಕೂಡಿಸಿ ತೋರಿಸಲಾರದ ಹಳೆಯ ಚಿತ್ರ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆಯುತ್ತದೆ. ಮೇಲೆ ಹೇಳಿದ ಶಾಲೆಯಲ್ಲಿ ನಡೆದದ್ದು ಇದೇ. ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಕೊಂಡೊಯ್ಯುವವರು ಮೂಲ ಕಡತವನ್ನಲ್ಲ, ಅದನ್ನು ಪಿಡಿಎಫ್ ರೂಪಕ್ಕೆ ಪರಿವರ್ತಿಸಿ ಒಯ್ಯುವುದು ಕ್ಷೇಮ. ಅದಕ್ಕೂ ಮೊದಲು ಪಿಡಿಎಫ್ ತೆರೆದು ಪ್ರತಿಯೊಂದು ಒತ್ತಕ್ಷರವನ್ನೂ ಕಣ್ಣಾರೆ ನೋಡತಕ್ಕದ್ದು.

ಅಂತರ್ಜಾಲದಲ್ಲಿ ಪದ ಕೊಟ್ಟರೆ ಚುಕ್ಕೆ ಅಕ್ಷರದ ಹಾಳೆ ಮಾಡಿಕೊಡುವ ತಾಣಗಳಲ್ಲಿ ಬಹುತೇಕವು ಇಂಗ್ಲಿಷಿಗಾಗಿ ಮಾಡಿದವು. ಅವುಗಳ ಚುಕ್ಕೆ ಅಕ್ಷರ ಶೈಲಿಯಲ್ಲಿ ಕನ್ನಡ ಇಲ್ಲದಿರುವುದರಿಂದ ಕನ್ನಡ ಪದ ಕೊಟ್ಟರೆ ಸಾಮಾನ್ಯ ಅಚ್ಚಕ್ಷರ ಅಥವಾ ಖಾಲಿ ಚೌಕಗಳು ಬರುತ್ತವೆ. ವಿಂಡೋಸ್‌ನೊಂದಿಗೆ ಬರುವ ನಿರ್ಮಲಾ, ತುಂಗಾ, ಉಚಿತವಾಗಿ ದೊರೆಯುವ ನೋಟೋ ಸಾನ್ಸ್ ಕನ್ನಡ ಇವುಗಳಲ್ಲಿ ಯಾವುದನ್ನಾದರೂ ಬಳಸಿ, ಅಕ್ಷರಕ್ಕೆ ಬೂದು ಬಣ್ಣ ಅಥವಾ ಹೊರಗೆರೆಯ ರೂಪ ಕೊಟ್ಟರೆ ತಿದ್ದುವ ಅಕ್ಷರ ಸಿದ್ಧ. ಗೆರೆ ಒಂದೆಡೆ ದಪ್ಪ ಒಂದೆಡೆ ತೆಳು ಇರುವ, ಆಮಂತ್ರಣ ಪತ್ರಿಕೆಗೆ ಒಪ್ಪುವ ಅಲಂಕಾರದ ಶೈಲಿಗಳು ಇಲ್ಲಿ ಬೇಡ. ತಿಳಿ ಬೂದು ಬಣ್ಣ ಮುದ್ರಕದಲ್ಲಿ ಚೆನ್ನಾಗಿ ಬಂದರೂ ಜೆರಾಕ್ಸ್ ಯಂತ್ರದಲ್ಲಿ ಹಲವು ಬಾರಿ ಮಾಯವಾಗುತ್ತದೆ. ಜೆರಾಕ್ಸ್ ತೆಗೆಸುವವರಿಗೆ ಹೊರಗೆರೆಯ ಅಕ್ಷರವೇ ಮೇಲು.

ಬಾಣದ ಗುರುತು

ಅಕ್ಷರದ ಆಕಾರ ಸರಿ ಬಂದರೆ ಸಾಕೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಸಾಲದು. ಪೆನ್ಸಿಲ್ ಎಲ್ಲಿ ಊರಬೇಕು, ಯಾವ ಕಡೆಗೆ ತಿರುಗಬೇಕು, ಎಲ್ಲಿ ಎತ್ತಬೇಕು ಎಂಬುದು ಗೊತ್ತಿಲ್ಲದ ಮಗು ಅಕ್ಷರವನ್ನು ಚಿತ್ರದಂತೆ ಬಿಡಿಸುತ್ತದೆ. ಎರಡನೇ ತರಗತಿಯವರೆಗೆ ಅದು ಗಮನಕ್ಕೆ ಬಾರದು. ಉಕ್ತಲೇಖನ ಆರಂಭವಾದ ಮೇಲೆ ಮಗು ಹಿಂದುಳಿಯುತ್ತದೆ.

ಈ ವಿಷಯದಲ್ಲಿ ಗಣಕಯಂತ್ರದ ನೆರವು ಅಷ್ಟಿಲ್ಲ. ಕೀಲಿಮಣೆಯಲ್ಲಿ ಒತ್ತುವ ಕ್ರಮ ಬೇರೆ, ಕೈಯಲ್ಲಿ ಬರೆಯುವ ಕ್ರಮ ಬೇರೆ. ದೊಡ್ಡೇರಿ ಪದದ 'ಡ್ಡೇ' ಅಕ್ಷರವನ್ನೇ ನೋಡಿ. ಕೀಲಿಮಣೆಯಲ್ಲಿ ಎರಡೂ ಡಕಾರಗಳಾದ ಮೇಲೆ ಸ್ವರಚಿಹ್ನೆ ಬರುತ್ತದೆ. ಕೈಬರಹದಲ್ಲಿ ಮೊದಲು ಡ, ಅದರ ಮೇಲೆ ಏತ್ವ, ನಂತರ ಕೆಳಗೆ ಒತ್ತು, ಕೊನೆಗೆ ಬಲಕ್ಕೆ ದೀರ್ಘ. ಆದ್ದರಿಂದ ಮೂಲಪ್ರತಿಯನ್ನು ಒಂದು ಮುದ್ರಿಸಿ, ಆರಂಭದ ಜಾಗಕ್ಕೆ ದಪ್ಪ ಚುಕ್ಕೆ, ತಿರುವುಗಳಿಗೆ ಬಾಣ, ಪೆನ್ಸಿಲ್ ಎತ್ತಿ ಇಡುವ ಕಡೆಗಳಿಗೆ 1, 2, 3 ಎಂಬ ಅಂಕಿಗಳನ್ನು ಕಪ್ಪು ಪೆನ್ನಿನಿಂದ ಕೈಯಲ್ಲಿಯೇ ಗುರುತಿಸಿ, ಆ ನಂತರ ಜೆರಾಕ್ಸ್ ತೆಗೆಸುವುದು ಸುಲಭ. ತಿಳಿ ನೀಲಿ ಶಾಯಿ ಜೆರಾಕ್ಸಿನಲ್ಲಿ ಸರಿಯಾಗಿ ಮೂಡುವುದಿಲ್ಲ. ತಲೆಕಟ್ಟನ್ನು ಮೊದಲು ಎಳೆಯುವವರೂ ಇದ್ದಾರೆ, ಕೊನೆಗೆ ಎಳೆಯುವವರೂ ಇದ್ದಾರೆ. ಇದರಲ್ಲಿ ವಾದ ಬೇಡ. ತರಗತಿಯ ಶಿಕ್ಷಕರನ್ನು ಕೇಳಿ ಅವರು ಹೇಳಿಕೊಡುವ ಕ್ರಮವನ್ನೇ ಹಾಳೆಯಲ್ಲಿ ತೋರಿಸತಕ್ಕದ್ದು.

ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಸಾಲಿನ ಎಡತುದಿಯಲ್ಲಿರುವ ಮಾದರಿ ಅಕ್ಷರ ಅವರ ಕೈಯ ಕೆಳಗೆಯೇ ಮುಚ್ಚಿಹೋಗುತ್ತದೆ. ಬಲತುದಿಯಲ್ಲಿಯೂ ಒಂದು ಮಾದರಿಯನ್ನು ಮುದ್ರಿಸಿದರೆ ಇಬ್ಬರಿಗೂ ಒಂದೇ ಹಾಳೆ ಸಾಕಾಗುತ್ತದೆ. ಕೈ ಬದಲಿಸುವಂತೆ ಮಗುವನ್ನು ಒತ್ತಾಯಿಸಬಾರದೆಂದು ಕೋರಲಾಗಿದೆ.

ಆಸರೆ ಕಡಿಮೆಯಾಗುತ್ತಾ ಬರಬೇಕು

ಆರೂ ಸಾಲುಗಳಲ್ಲಿ ತಿದ್ದುವ ಅಕ್ಷರಗಳನ್ನೇ ತುಂಬಿಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಮಗು ಹಾಳೆ ತುಂಬಾ ತಿದ್ದುತ್ತದೆ, ಅಂದವಾಗಿಯೂ ಕಾಣುತ್ತದೆ. ಬರಿಯ ಹಾಳೆ ಕೊಟ್ಟರೆ ಬರೆಯಲಾರದು. ಮೊದಲ ಸಾಲಿನಲ್ಲಿ ಬಾಣದ ಗುರುತಿರುವ ಅಕ್ಷರಗಳು, ಎರಡನೆಯದರಲ್ಲಿ ಬಾಣವಿಲ್ಲದ ಹೊರಗೆರೆ, ಮೂರನೆಯದರಲ್ಲಿ ಒಂದು ಬಿಟ್ಟು ಒಂದು ಖಾಲಿ, ನಾಲ್ಕನೆಯದರಲ್ಲಿ ಆರಂಭದ ಚುಕ್ಕೆ ಮಾತ್ರ, ಐದನೆಯದು ಪೂರ್ತಿ ಖಾಲಿ. ಆರನೆಯ ಸಾಲಿನಲ್ಲಿ ಆ ಅಕ್ಷರ ಬರುವ, ಮಗುವಿಗೆ ಗೊತ್ತಿರುವ ಒಂದು ಪದ. ಬೈಸಿಕಲ್ ಕಲಿಸುವವರು ಹಿಂದಿನಿಂದ ಹಿಡಿದ ಕೈಯನ್ನು ಹೇಳದೆ ಬಿಡುವಂತೆ ಈ ವ್ಯವಸ್ಥೆ. ದಿನಕ್ಕೆ ಒಂದು ಮಗ್ಗುಲು, ಹತ್ತು ಹದಿನೈದು ನಿಮಿಷ ಸಾಕು. ತಪ್ಪು ಮಾಡಿದ್ದಕ್ಕೆ ಇನ್ನೂ ಐದು ಹಾಳೆ ಬರೆಸುವುದರಿಂದ ಅಕ್ಷರ ದುಂಡಗಾಗುವುದಿಲ್ಲ.

ಹೋಲುವ ಅಕ್ಷರಗಳ ಹಾಳೆ ಪ್ರತ್ಯೇಕ. ಬ ಮತ್ತು ಭ, ವ ಮತ್ತು ಮ, ಪ ಮತ್ತು ಷ, ಡ ಮತ್ತು ಢ, ದ, ಧ ಮತ್ತು ಥ. ಇವುಗಳನ್ನು ಒಂದೊಂದಾಗಿ ಕಲಿತು ಗಟ್ಟಿಯಾದ ಮೇಲೆ ಮಾತ್ರ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಡಬೇಕು. ನಮ್ಮ ಭಾಗದ ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳುವುದಿಲ್ಲ. ಹಿಂದೆ ಮದ್ದಗಿರಿ ಎಂದು ಕರೆಯಲ್ಪಡುತ್ತಿದ್ದ ಮಧುಗಿರಿಯನ್ನು ಇಂದಿಗೂ ಬಸ್ಸಿನಲ್ಲಿ, ಸಂತೆಯಲ್ಲಿ ಮದ್ಗಿರಿ ಎಂದೇ ಹೇಳುತ್ತಾರೆ. ಕಿವಿಗೆ ಬೀಳದ ವ್ಯತ್ಯಾಸವನ್ನು ಮಗು ಕಣ್ಣು ಹಾಗೂ ಕೈಯಿಂದಲೇ ಕಲಿಯಬೇಕು; ಧ ಅಕ್ಷರದ ಹೊಟ್ಟೆಯ ಕೆಳಗಿನ ಸಣ್ಣ ಸೀಳು ಹಾಳೆಯಲ್ಲಿ ಸ್ಪಷ್ಟವಾಗಿ ಮೂಡಿರಬೇಕಾದದ್ದು ಈ ಕಾರಣಕ್ಕೆ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಇದೇ ಬಗೆಯವು.

ಪದಗಳಿಗೆ ದೂರ ಹೋಗಬೇಕಾಗಿಲ್ಲ. ದೊಡ್ಡೇರಿ ಎಂದು ಬರೆಯಲು ದ, ಡ, ರ ಎಂಬ ಮೂರೇ ಮೂಲಾಕ್ಷರಗಳು ಸಾಕು, ಆದರೆ ಓತ್ವ, ಏತ್ವ, ದೀರ್ಘ, ಒತ್ತು, ಗುಡಿಸು ಎಲ್ಲವೂ ಅದರಲ್ಲಿವೆ. ಪಾವಗಡದಲ್ಲಿ ಒಂದು ಇಳಿ ಬಿಟ್ಟರೆ ಉಳಿದದ್ದೆಲ್ಲ ಸರಳ. ಕೊರಟಗೆರೆಯಲ್ಲಿ ಎರಡು ಬಾರಿ ಎತ್ವ. ಶಿರಾ ಎರಡೇ ಅಕ್ಷರ. ಅಲ್ಲಿ ಶಕಾರ ಸಕಾರವಾಗದಂತೆ ನೋಡಿಕೊಳ್ಳಬೇಕು.

ಖರ್ಚಿನ ಲೆಕ್ಕ

49 ಅಕ್ಷರಗಳಿಗೆ ಅಕ್ಷರಕ್ಕೊಂದು ಮಗ್ಗುಲಿನಂತೆ, ಎರಡೂ ಮಗ್ಗುಲು ಮುದ್ರಿಸಿದರೆ ಒಂದು ಮಗುವಿಗೆ 25 ಹಾಳೆ. 20 ಮಕ್ಕಳಿರುವ ತರಗತಿಗೆ 500 ಹಾಳೆ, ಅಂದರೆ ಸರಿಯಾಗಿ ಒಂದು ರೀಮ್. ಐವತ್ತನೆಯ ಮಗ್ಗುಲು ಖಾಲಿ ಉಳಿಯುತ್ತದೆ. ಅದನ್ನು ಏನು ಮಾಡಬೇಕೆಂಬುದನ್ನು ಮುಂದೆ ಹೇಳಲಾಗಿದೆ. ಹಾಳೆ ತೀರಾ ತೆಳುವಾಗಿದ್ದರೆ ಹಿಂದಿನ ಮಗ್ಗುಲಿನ ಅಕ್ಷರ ಇತ್ತ ಕಾಣುವುದರಿಂದ 75 ಅಥವಾ 80 ಜಿಎಸ್‌ಎಂ ಕಾಗದ ಸೂಕ್ತ. ಅಷ್ಟೂ ಬೇಡವೆನ್ನುವವರು ಒಂದು ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ, ಒರೆಸಬಹುದಾದ ಪೆನ್ನಿನಿಂದ ಬರೆಸಬಹುದು. ಆದರೆ ನುಣುಪಾದ ಮೇಲ್ಮೈಯಲ್ಲಿ ಪೆನ್ನು ಜಾರುತ್ತದೆ. ಒರಟು ಕಾಗದದ ಮೇಲೆ ಪೆನ್ಸಿಲಿಗೆ ಸಿಗುವ ಹಿಡಿತ ಅಲ್ಲಿ ಸಿಗದು. ಪಠ್ಯಪುಸ್ತಕದ ಅಥವಾ ಮಾರಾಟದ ಕಾಪಿ ಪುಸ್ತಕದ ಪುಟಗಳನ್ನು ಹಾಗೆಯೇ ನಕಲು ಮಾಡಿ ಹಂಚತಕ್ಕದ್ದಲ್ಲ.

ಐವತ್ತನೆಯ ಮಗ್ಗುಲು: ಮಗುವಿನ ಹೆಸರು

ಆ ಖಾಲಿ ಮಗ್ಗುಲಿನಲ್ಲಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು ಹಾಗೂ ಊರಿನ ಹೆಸರನ್ನು ತಿದ್ದುವ ರೂಪದಲ್ಲಿ ಮುದ್ರಿಸಿಕೊಡಲು ಪೋಷಕರನ್ನು ಕೋರಲಾಗಿದೆ. ಈ ಹಾಳೆಯನ್ನು ನೆನಪಿನಿಂದ ಸಿದ್ಧಪಡಿಸದೆ, ಜನನ ಪ್ರಮಾಣ ಪತ್ರವನ್ನು ಮುಂದಿಟ್ಟುಕೊಂಡು ಸಿದ್ಧಪಡಿಸತಕ್ಕದ್ದು.

ಕಾರಣವಿಷ್ಟೆ. ಹೆಸರನ್ನು ಪೋಷಕರು ಬಾಯಲ್ಲಿ ಹೇಳುತ್ತಾರೆ, ಬರೆದುಕೊಳ್ಳುವವರು ಕಿವಿಗೆ ಬಿದ್ದಂತೆ ಬರೆಯುತ್ತಾರೆ. ಭೂಮಿಕಾ ಒಂದು ಕಡೆ ಬೂಮಿಕ ಆಗುತ್ತಾಳೆ, ಶಶಿಧರ ಇನ್ನೊಂದು ಕಡೆ ಸಸಿದರ ಆಗುತ್ತಾನೆ. ಜನನ ಪ್ರಮಾಣ ಪತ್ರದಲ್ಲಿ ಒಂದು, ಶಾಲೆಯ ದಾಖಲಾತಿ ವಹಿಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ನಾಡಕಚೇರಿಯಲ್ಲಿ ಜಾತಿ ಹಾಗೂ ಆದಾಯ ಪ್ರಮಾಣ ಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ದಿನ ಇವು ಒಂದಕ್ಕೊಂದು ತಾಳೆಯಾಗದೆ ಅರ್ಜಿ ನಿಂತುಹೋಗುತ್ತದೆ. 2023ರ ತಿದ್ದುಪಡಿ ಕಾಯ್ದೆಯಂತೆ, 2023ರ ಅಕ್ಟೋಬರ್ 1ರಂದು ಅಥವಾ ನಂತರ ಜನಿಸಿದವರಿಗೆ ಶಾಲಾ ದಾಖಲಾತಿಯೂ ಸೇರಿದಂತೆ ಹಲವು ಕೆಲಸಗಳಲ್ಲಿ ಹುಟ್ಟಿದ ದಿನಾಂಕ ಹಾಗೂ ಸ್ಥಳಕ್ಕೆ ಜನನ ಪ್ರಮಾಣ ಪತ್ರವೇ ಆಧಾರವಾಗಿದೆ. ಮುಂದೆ ಶಾಲೆಗೆ ಸೇರುವ ಮಕ್ಕಳ ಪೋಷಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹೆಸರಿನ ಹಾಳೆಯನ್ನು ಸಿದ್ಧಪಡಿಸುವಾಗ ವ್ಯತ್ಯಾಸ ಕಂಡುಬಂದಲ್ಲಿ ಮೊದಲು ಜನನ ಪ್ರಮಾಣ ಪತ್ರವನ್ನು ನೋಡಬೇಕು. ಅದರಲ್ಲಿ ಮಗುವಿನ ಹೆಸರೇ ನಮೂದಾಗಿರದಿದ್ದರೆ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕದೊಂದಿಗೆ ಹೆಸರು ಸೇರಿಸಲು ಅವಕಾಶವಿದೆ. ಅಕ್ಷರ ತಪ್ಪಿದ್ದಲ್ಲಿ 1969ರ ಜನನ ಮತ್ತು ಮರಣಗಳ ನೋಂದಣಿ ಕಾಯ್ದೆಯ 15ನೇ ಪ್ರಕರಣದಡಿ ತಿದ್ದುಪಡಿಗಾಗಿ ಸಂಬಂಧಪಟ್ಟ ನೋಂದಣಾಧಿಕಾರಿಗಳಿಗೆ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬಹುದು. ತಪ್ಪು ಶಾಲೆಯ ವಹಿಯಲ್ಲಿದ್ದರೆ ಜನನ ಪ್ರಮಾಣ ಪತ್ರದ ಪ್ರತಿಯೊಂದಿಗೆ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು, ಮುಂದಿನ ಕ್ರಮವನ್ನು ಅವರಿಂದ ತಿಳಿದುಕೊಳ್ಳತಕ್ಕದ್ದು. ಒಂದನೇ ತರಗತಿಯಲ್ಲಿ ಇದು ಸಣ್ಣ ಕೆಲಸ. ಅದೇ ತಪ್ಪು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋದ ಮೇಲೆ ಓಡಾಟವೂ ಖರ್ಚೂ ಹಲವು ಪಟ್ಟು.

ಪೋಷಕರಲ್ಲಿ ಓದು ಬರಹ ಬಾರದವರು ಜನನ ಪ್ರಮಾಣ ಪತ್ರವನ್ನು ತರಗತಿಯ ಶಿಕ್ಷಕರಿಗೆ ತೋರಿಸಿ ಈ ಹಾಳೆಯನ್ನು ಮಾಡಿಸಿಕೊಳ್ಳಬಹುದು. ಒಂದರ ಬದಲು ಎರಡು ಪ್ರತಿ ತೆಗೆಸಿ, ಒಂದನ್ನು ಮಗುವಿಗೂ ಒಂದನ್ನು ತಾಯಿಗೋ ತಂದೆಗೋ ಕೊಟ್ಟಲ್ಲಿ ಇಬ್ಬರೂ ಒಟ್ಟಿಗೆ ಕುಳಿತು ತಿದ್ದಬಹುದು. ಅರ್ಜಿಗಳಲ್ಲಿ ಹೆಬ್ಬೆಟ್ಟಿನ ಗುರುತಿಗೂ ಅವಕಾಶ ಇದ್ದೇ ಇದೆ, ಆದರೆ ಮಗುವಿನ ಹಾಳೆಯಲ್ಲಿಯೇ ತಮ್ಮ ಹೆಸರನ್ನು ಕಲಿತು ಮರುವರ್ಷ ದಾಖಲಾತಿ ವಹಿಯಲ್ಲಿ ಸಹಿ ಹಾಕಿದ ತಾಯಂದಿರೂ ಇದ್ದಾರೆ.